ಕಾರ್ ಶೆಡ್ಡಿನಲ್ಲಿ ಅಮ್ಮನಿಗೊಂದು ಮನೆ

ಜಯನಗರದಲ್ಲಿ ನಮ್ಮದು 40–60 ಸೈಟು. ಮನೆಯ ಪಕ್ಕದಲ್ಲಿ ಕಾರು ಹೋಗುವ ದಾರಿ, ಹಿತ್ತಿಲ ಮೂಲೆಯಲ್ಲಿ 12 ಅಡಿ ಅಗಲ, 22 ಅಡಿ ಉದ್ದದ ಹಳೇ ಕಾರ್ ಶೆಡ್. ಮಾವನವರ ಅಂಬಾಸಿಡರ್ ಮಾರಿದ ಮೇಲೆ ಅಲ್ಲಿ ಹಳೇ ಪೇಪರು, ಮುರಿದ ಕುರ್ಚಿ, ಖಾಲಿ ಪೇಂಟ್ ಡಬ್ಬಗಳೇ ಇದ್ದವು. ಈಗಿನ ಕಾರು ಪಕ್ಕದ ದಾರಿಯಲ್ಲೇ ನಿಲ್ಲುತ್ತದೆ. ತಿಪಟೂರಿನಿಂದ ಅಮ್ಮ ನಮ್ಮ ಜೊತೆ ಇರುವುದಕ್ಕೆ ಬರುತ್ತೇನೆ ಅಂದಾಗ, ಮಹಡಿ ಮೆಟ್ಟಿಲು ಹತ್ತೋಕೆ ಅವಳ ಮಂಡಿ ಬಿಡಲ್ಲ, ಶೆಡ್ಡನ್ನೇ ಪುಟ್ಟ ಮನೆ ಮಾಡೋಣ ಅಂತ ತೀರ್ಮಾನಿಸಿದೆವು.

ಮೊದಲು ನಾನೂ ಫೋನಿನಲ್ಲಿ ಫೋಟೋ ಕೂಡಿಹಾಕಿದೆ. ಬೂದು ಗೋಡೆ, ಹೊಳೆಯುವ ಟೈಲ್ಸು, ಕರಿ ಬಣ್ಣದ ಕಿಟಕಿ. ಅಮ್ಮನಿಗೆ ತೋರಿಸಿದೆ. "ಚೆನ್ನಾಗಿದೆ ಕಣೇ, ಆದರೆ ನಾನು ಎಲ್ಲಿ ಕೂತ್ಕೊಳ್ಳೋದು?" ಅಂದಳು. ಅವಳಿಗೆ ಸೋಫಾ ಆಗುವುದಿಲ್ಲ. ಬೆಳಗ್ಗೆ ಕಾಫಿ ನೆಲದ ಮೇಲೆ, ಸಂಜೆ ಸೊಪ್ಪು ಸೋಸುವುದು ಜಗಲಿ ಮೇಲೆ, ಹಾಗೇ ಎಪ್ಪತ್ತು ವರ್ಷ ಬದುಕಿದವಳು. ಆ ಫೋಟೋಗಳನ್ನೆಲ್ಲ ಅಳಿಸಿ, ಅಮ್ಮ ಊರಿಂದ ತರುವ ಸಾಮಾನು ಅಳೆದುಕೊಂಡು ಬಂದೆ. ತೇಗದ ಮಂಚ, ಅಪ್ಪ ಬರೆಯುತ್ತಿದ್ದ ಮೇಜು, ಎರಡು ಹಿತ್ತಾಳೆ ಕೊಳಗ, ಒಂದು ಕಬ್ಬಿಣದ ಪೆಟ್ಟಿಗೆ. ಇವು ಎಲ್ಲಿ ಕೂರುತ್ತವೆ ಅನ್ನುವುದೇ ನಮ್ಮ ಡಿಸೈನ್ ಆಯಿತು.

ಶೆಡ್ ಖಾಲಿ ಮಾಡಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಿಜವಾದ ಅಳತೆಗೇ ಗೆರೆ ಎಳೆದೆವು. ಇಲ್ಲಿ ಮಂಚ, ಇಲ್ಲಿ ಒಲೆ, ಇಲ್ಲಿ ಬಾತ್‌ರೂಮು. ಅಮ್ಮ ಆ ಗೆರೆಗಳ ಮಧ್ಯೆ ಓಡಾಡಿದಳು. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗ ಮೇಜಿನ ಮೂಲೆ ತೊಡೆಗೆ ತಗಲುತ್ತದೆ ಅನ್ನುವುದು ಕಾಗದದ ಮೇಲೆ ನನಗಾಗಲಿ ಎಂಜಿನಿಯರಿಗಾಗಲಿ ಗೊತ್ತಾಗಿರಲಿಲ್ಲ. ಮೂರು ಸಲ ಗುಡಿಸಿ ಮತ್ತೆ ಎಳೆದೆವು. ಮನೆ ಕಟ್ಟಿಸುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಆಮೇಲೆ ನಕ್ಷೆ ಮಾಡಿಸಿ, ಪಾಲಿಕೆ ಕಚೇರಿಯಲ್ಲಿ ಕೇಳಿಕೊಂಡೇ ಕೆಲಸ ಶುರು ಮಾಡಿದ್ದು.

ಜಾಸ್ತಿ ತಲೆ ಕೆಡಿಸಿದ್ದು ಚರಂಡಿ ಪೈಪು. ಒಳಚರಂಡಿ ಇರುವುದು ಮುಂದಿನ ರಸ್ತೆಯಲ್ಲಿ, ಬಾತ್‌ರೂಮು ಹಿತ್ತಿಲ ಕೊನೆಯಲ್ಲಿ, ಮಧ್ಯೆ 50 ಅಡಿ ದೂರ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಕೊಡಿ ಅಂದರು ಎಂಜಿನಿಯರ್. ಅಂದರೆ 15 ಇಂಚು. ಮುಂದಿನ ಚೇಂಬರ್ ಆಳ ಕಮ್ಮಿ, ಅಷ್ಟು ಇಳಿಸುವ ಹಾಗಿಲ್ಲ. ಬಾತ್‌ರೂಮನ್ನಷ್ಟೇ ಎತ್ತರಿಸಿದರೆ ಅಮ್ಮ ರಾತ್ರಿ ಹೊತ್ತು ಮೆಟ್ಟಿಲು ಹತ್ತಬೇಕು, ಅದಂತೂ ಬೇಡವೇ ಬೇಡ. ಕೊನೆಗೆ ಇಡೀ ನೆಲವನ್ನೇ 15 ಇಂಚು ಏರಿಸಿ, ಗೋಡೆಯನ್ನೂ ಅಷ್ಟೇ ಎತ್ತರಿಸಿದೆವು. ಆ 15 ಇಂಚಿನಿಂದಲೇ ಜಗಲಿ ಬಂತು ನೋಡಿ! ಕೂತರೆ ಕಾಲು ನೆಲಕ್ಕೆ ಸರಿಯಾಗಿ ಊರುವಷ್ಟು ಎತ್ತರ. 9 ಅಡಿ ಅಗಲದ ಶಟರ್ ಬಾಯಲ್ಲಿ ಒಂದು ಬದಿಗೆ ಬಾಗಿಲು, ಉಳಿದ ಜಾಗಕ್ಕೆ ದೊಡ್ಡ ಕಿಟಕಿ, ಕಿಟಕಿ ಮುಂದೆ ಸಾದರಹಳ್ಳಿ ಕಲ್ಲಿನ ಚಪ್ಪಡಿ ಹಾಸಿದ ಜಗಲಿ.

ಚಾವಣಿಗೆ ಮೊದಲು ಕಲ್ನಾರಿನ ಶೀಟು ಇತ್ತು. ಅದು ಒಡೆದರೆ ಬರುವ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಹಾಗಾಗಿ ನೀರು ಹೊಡೆದು ನೆನೆಸಿ, ಬೋಲ್ಟ್ ಬಿಚ್ಚಿ, ಮಾಸ್ಕ್ ಹಾಕಿಕೊಂಡು ಇಡಿಯಾಗಿ ಇಳಿಸಬೇಕು ಅಂತ ಹಟ ಹಿಡಿದೆ. ಕೆಲಸದವರು ಸುತ್ತಿಗೆ ತಂದಿದ್ದರು, ವಾಪಸ್ ಇಡಿಸಿದೆ. ಅದರ ಜಾಗಕ್ಕೆ ಹಳೇ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಹಂಚು ಇವತ್ತಿಗೂ ನಮ್ಮ ಕಡೆ ಹಳೇ ಮನೆಗಳ ಮೇಲಿದೆ ಅಲ್ವಾ, ಅಮ್ಮನ ಮನೆಯ ಮೇಲೂ ಅದೇ ಇತ್ತು. ಕೆಳಗೆ ಸೀಲಿಂಗ್ ಹಂಚು ಹಾಕಿಸಿದ್ದರಿಂದ ಏಪ್ರಿಲ್ ಬಿಸಿಲು ಅಷ್ಟಾಗಿ ಒಳಗೆ ಇಳಿಯುವುದಿಲ್ಲ. ನಡುವೆ ನಾಲ್ಕು ಗಾಜಿನ ಹಂಚು. ಮಧ್ಯಾಹ್ನ ಲೈಟ್ ಹಾಕುವ ಅಗತ್ಯವೇ ಇಲ್ಲ. ಸೂರಿನ ನೀರು ನೆಲದಡಿಯ ಸಂಪ್ ತೊಟ್ಟಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ಇಷ್ಟು ಪುಟ್ಟ ಚಾವಣಿ ಮೇಲೂ 20,000 ಲೀಟರಿಗೂ ಮೀರಿ ಬೀಳುತ್ತದೆ.

ಇನ್ನು ನೆಲ. ರೆಡ್ ಆಕ್ಸೈಡ್ ನೆಲವೇ ಬೇಕು ಅಂತ ಇಬ್ಬರಿಗೂ ಆಸೆ. ಮಾಡುವ ಕೈಗಳು ಈಗ ಸುಲಭಕ್ಕೆ ಸಿಗುವುದಿಲ್ಲ. ಇಬ್ಬರು ಮೇಸ್ತ್ರಿಗಳು "ಟೈಲ್ಸ್ ಹಾಕಿಸಿ ಮೇಡಂ, ಎರಡು ದಿನದಲ್ಲಿ ಮುಗಿಯುತ್ತೆ" ಅಂದರು. ಮೂರನೆಯವರು ವಯಸ್ಸಾದವರು. ಎಷ್ಟು ಅಗಲ ಅಂತ ಕೇಳುವ ಮೊದಲು "ಬಿಸಿಲು ಯಾವ ಕಡೆಯಿಂದ ಬರುತ್ತಮ್ಮ?" ಅಂತ ಕೇಳಿದರು. ಅಲ್ಲೇ ಒಪ್ಪಿಕೊಂಡೆ. 50 ಕೆಜಿ ಸಿಮೆಂಟಿಗೆ 5 ಕೆಜಿ ಪುಡಿ, ಅದೂ ಇಡೀ ಮನೆಗೆ ಬೇಕಾದಷ್ಟನ್ನು ಒಂದೇ ಸಲ ಒಣಗಿದ್ದಾಗಲೇ ಬೆರೆಸಿ ಜರಡಿ ಹಿಡಿದಿಟ್ಟರು, ಇಲ್ಲದಿದ್ದರೆ ಒಂದೊಂದು ಕಡೆ ಒಂದೊಂದು ಕೆಂಪು. ಕೆಳಗಿನ ಪದರ ಹಸಿ ಇರುವಾಗಲೇ ಮೇಲೆ ಬಣ್ಣದ ಪದರ ಎಳೆಯಬೇಕು. ನಾಲ್ಕು ಅಡಿಗೊಂದು ಗಾಜಿನ ಪಟ್ಟಿ, ಬಿರುಕು ಹಬ್ಬದಿರಲಿ ಅಂತ. ಆಮೇಲೆ ಕುಕ್ಕರಗಾಲಲ್ಲಿ ಕೂತು ಕರಣೆಯಲ್ಲಿ ಉಜ್ಜಿದ್ದೇ ಉಜ್ಜಿದ್ದು, ಮುಖ ಕಾಣುವ ತನಕ. ಹತ್ತು ದಿನ ನೆಲದ ಮೇಲೆ ನೀರು ನಿಲ್ಲಿಸಿದೆವು.

ಒಂದು ತಪ್ಪಾಯಿತು. ನಮ್ಮ ಶೆಡ್ಡಿನ ಬಾಯಿ ಪಶ್ಚಿಮಕ್ಕೆ. ಗೋಣಿ ತಾಟು ಕಟ್ಟಿ ಅಂತ ಮೇಸ್ತ್ರಿ ಹೇಳಿ ಹೋಗಿದ್ದರು, ಮೊದಲ ಮಧ್ಯಾಹ್ನ ನಾನು ಕಟ್ಟಿಸಲಿಲ್ಲ. ಬಾಗಿಲ ಹತ್ತಿರ ಎರಡು ಅಡಿ ಉದ್ದ ಕೂದಲೆಳೆಯ ಹಾಗೆ ಬಿರುಕು ಬಿಟ್ಟಿತು. ತುಂಬಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ ಅಂತ ಹಾಗೇ ಬಿಟ್ಟೆವು. ವಾರಕ್ಕೊಮ್ಮೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸುತ್ತೇವೆ. ತಿಂಗಳಿಂದ ತಿಂಗಳಿಗೆ ಆ ಕೆಂಪು ಗಾಢ ಆಗುತ್ತಿದೆ, ಅದನ್ನು ನೋಡುವುದೇ ಒಂದು ಸಂತೋಷ.

ಗೋಡೆ ನನ್ನ ಆಸೆ. ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಬಳಿಸಿದೆ, ಅಜ್ಜಿ ಮನೆಯ ನಡುಮನೆಯ ಬಣ್ಣ. ಹಳೇ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ, ಪೂರ್ತಿ ಕೆರೆಸಬೇಕಾಯಿತು. ಅಡುಗೆ ಕಟ್ಟೆಗೆ ಕಡಪಾ ಕಲ್ಲು. ಅಮ್ಮನ ಎತ್ತರಕ್ಕೆ 30 ಇಂಚು ಸಾಕಾಯಿತು. ಎಲ್ಲ ಸೇರಿ ಎಂಟೂವರೆ ಲಕ್ಷ, ಐದು ತಿಂಗಳು.

ಒಳಗೆ ಹತ್ತುವುದಕ್ಕೆ ಐದೈದು ಇಂಚಿನ ಮೂರು ಅಗಲವಾದ ಮೆಟ್ಟಿಲು, ಪಕ್ಕಕ್ಕೊಂದು ಹಿಡಿಕೆ. ಹಿಡಿಕೆ ಸ್ಟೀಲಿನದು ಹಾಕಿಸಿದ್ದೆ, ಬಿಸಿಲಿಗೆ ಕೈ ಸುಡುತ್ತೆ ಅಂದಳು ಅಮ್ಮ. ಹೋದ ವಾರ ಅದನ್ನು ತೆಗೆಸಿ, ಊರ ಮನೆಯ ಮುರಿದ ತೊಲೆಯನ್ನು ಕೊಯ್ಯಿಸಿ ಮರದ್ದು ಹಾಕಿಸಿದೆ. ಈಗ ಮೊಮ್ಮಕ್ಕಳ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಅದನ್ನು ಹಿಡಿದು ಇಳಿದು ಗೇಟಿನ ತನಕ ಒಬ್ಬಳೇ ಬರುತ್ತಾಳೆ.