ಇಸವಿ ಇಲ್ಲದ ಪತ್ರ

ಪುಣೆಯ ಹಳೆ ಪುಸ್ತಕದಂಗಡಿಯಲ್ಲಿ ಗೆಳೆಯನಿಗೆ ಸಿಕ್ಕ ಒಂದು ಕಟ್ಟು ಪತ್ರಗಳನ್ನು ಓದಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಒಟ್ಟು ಹನ್ನೊಂದು. ಬರೆದಾತ ಧಾರವಾಡ, ಬೆಳಗಾವಿ ಸೀಮೆಯಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ. ಸಹಿಯ ಜಾಗದಲ್ಲಿ ಎರಡೇ ಅಕ್ಷರ. ಕಚೇರಿ ಕೆಲಸ ಮುಗಿಸಿ ಶಾಸನ ಹುಡುಕುತ್ತ ತಿರುಗುವ ಚಟ ಆ ಕಾಲದ ಎಷ್ಟೋ ಅಧಿಕಾರಿಗಳಿಗಿತ್ತು. ಈತನೂ ಆ ಪೈಕಿ.

ಮೊದಲ ವಾರ ಏನೂ ಓದಲಾಗಲಿಲ್ಲ. ಕಾಗದ ಉಳಿಸಲು ಆಸಾಮಿ ಹಾಳೆ ತುಂಬಿದ ಮೇಲೆ ಅದನ್ನೇ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಅಡ್ಡಡ್ಡ ಬರೆದಿದ್ದಾನೆ. ನೋಡಿದರೆ ಚಾಪೆ ಹೆಣೆದಂತೆ ಕಾಣುತ್ತದೆ. ಫೋಟೋ ಹಿಗ್ಗಿಸಿದಷ್ಟೂ ಗೋಜಲು. ಕೊನೆಗೆ ಪ್ರಿಂಟ್ ಹಾಕಿಸಿ, ಒಂದು ಸಾಲಿನಷ್ಟೇ ಕಿಂಡಿ ಕತ್ತರಿಸಿದ ರಟ್ಟನ್ನು ಮೇಲಿಟ್ಟು ಸರಿಸುತ್ತ ಓದಿದೆ. ಕಣ್ಣು ಒಂದೇ ದಿಕ್ಕಿಗೆ ಪಳಗಿತು.

ಊರಿನ ಹೆಸರುಗಳ ಕಾಟ ಬೇರೆ. ‘ಇವುಲ್ಲೀ’ ಎಂಬ ಊರನ್ನು ಎರಡು ದಿನ ನಕಾಶೆಯಲ್ಲಿ ಹುಡುಕಿದ್ದೇನೆ. ಹುನಗುಂದದ ಕಡೆಯ ಸಹೋದ್ಯೋಗಿಯೊಬ್ಬರ ಮುಂದೆ ಜೋರಾಗಿ ಓದಿದಾಗ ಅವರು ನಕ್ಕು, “ಸರ, ಅದು ನಮ್ಮ ಐವಳ್ಳಿರೀ, ಐಹೊಳಿ!” ಅಂದರು. ಅಂದಿನಿಂದ ಊರಿನ ಹೆಸರನ್ನು ಕಣ್ಣಲ್ಲಿ ಓದುವುದನ್ನು ಬಿಟ್ಟು ಬಾಯಲ್ಲಿ ಓದುತ್ತೇನೆ.

ನಾನು ಎಡವಿದ್ದು ಏಳನೆಯ ಪತ್ರದಲ್ಲಿ. ಮೇಲೆ ‘ಗುರುವಾರ, ಆಗಸ್ಟ್ 14’ ಎಂದಷ್ಟೇ ಇದೆ, ಇಸವಿ ಇಲ್ಲ. ಲಕೋಟೆಯೂ ಇಲ್ಲ, ಹಾಗಾಗಿ ಅಂಚೆ ಮುದ್ರೆಯ ಆಸೆ ಬಿಡಬೇಕು. ಪಂಚಾಂಗ ತೆಗೆದು ನೋಡಿದರೆ ಆ ತಾರೀಖು ಗುರುವಾರ ಬಿದ್ದ ವರ್ಷಗಳು 1873, 1879, 1884, 1890. ಪತ್ರದಲ್ಲಿ ಐಹೊಳೆಯ ಮೇಗುತಿ ಶಾಸನಕ್ಕೆ ಶಾಸನತಜ್ಞ ಫ್ಲೀಟ್ ಕೊಟ್ಟ ಹೊಸ ಪಾಠದ ಪ್ರಸ್ತಾಪವಿತ್ತು. ಕಾಳಿದಾಸ, ಭಾರವಿಯರ ಹೆಸರಿರುವ ಆ ಶಾಸನವನ್ನು ಫ್ಲೀಟ್ ‘ಇಂಡಿಯನ್ ಆ್ಯಂಟಿಕ್ವೆರಿ’ ಪತ್ರಿಕೆಯಲ್ಲಿ 1876ರಲ್ಲಿ ಒಮ್ಮೆ ಪ್ರಕಟಿಸಿ, 1879ರಲ್ಲಿ ತಿದ್ದಿ ಮತ್ತೆ ಪ್ರಕಟಿಸಿದ. ಸರಿ, 1879 ಅಂತ ಬರೆದು ಗೆಳೆಯನಿಗೆ ಕಳಿಸಿಯೂ ಬಿಟ್ಟೆ.

ತಿಂಗಳ ನಂತರ ಅಡ್ಡಸಾಲುಗಳನ್ನು ಮತ್ತೆ ನೋಡುವಾಗ ಎದೆ ಧಸಕ್ಕೆಂದಿತು. ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ ಫ್ಲೀಟ್ ಬರೆದ ಪುಸ್ತಕದ ಪುಟಸಂಖ್ಯೆ ಅಲ್ಲಿತ್ತು. ಆ ಪುಸ್ತಕ ಬಂದದ್ದೇ 1882ರಲ್ಲಿ! ಉಳಿದದ್ದು 1884 ಮತ್ತು 1890. ಕೆಳಗಿನ ಸಾಲಿನಲ್ಲಿ ಶಾಸನದ ಒಂದು ಪಡಿಯಚ್ಚನ್ನು (ಕಲ್ಲಿನ ಮೇಲೆ ಕಾಗದವೊತ್ತಿ ತೆಗೆದ ಅಚ್ಚು) ಸರ್ ವಾಲ್ಟರ್ ಎಲಿಯಟ್‌ಗೂ ಕಳಿಸಬೇಕೆಂಬ ಸೂಚನೆ. ಎಲಿಯಟ್ ತೀರಿಕೊಂಡದ್ದು 1887ರ ಮಾರ್ಚ್ 1ರಂದು. ಹಾಗಾದರೆ 1884, ಬೇರೆ ದಾರಿಯಿಲ್ಲ. ಗೆಳೆಯನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

ಈ ಎಲಿಯಟ್ ನಮಗೆ ದೂರದವನಲ್ಲ. 1824ರಲ್ಲಿ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಇನ್ನೊಬ್ಬ ಅಧಿಕಾರಿ ಸ್ಟೀವನ್‌ಸನ್ ಜೊತೆ ಸೆರೆಸಿಕ್ಕ ಹುಡುಗ ಇವನೇ. ಅದೇ ಸೀಮೆಯಲ್ಲಿ ಮುಂದೆ 595 ಶಾಸನಗಳ ನಕಲು ಮಾಡಿಸಿದ. ಫ್ಲೀಟ್ ಅಡಿಗಡಿಗೆ ಆಧರಿಸಿದ್ದು ಆ ನಕಲುಗಳನ್ನೇ. ಮುಪ್ಪಿನಲ್ಲಿ ದೃಷ್ಟಿ ಹೋಗಿದ್ದರೂ, ಸಾಯುವ ದಿನ ಬೆಳಗ್ಗೆ ತಮಿಳು ವಿದ್ವಾಂಸ ಪೋಪ್‌ಗೆ ಹೇಳಿ ಬರೆಸಿದ ಪತ್ರಕ್ಕೆ ತನ್ನ ಕೈಯಾರೆ ಸಹಿ ಹಾಕಿದನಂತೆ. ಆಗ ಅವನಿಗೆ 84 ವರ್ಷ.

ಆದರೆ ಬಿಸಿಲಲ್ಲಿ ಕಲ್ಲಿನ ಮುಂದೆ ಕೂತು ಅಕ್ಷರ ಇಳಿಸಿಕೊಂಡವರು ಯಾರು? ನನ್ನ ಹನ್ನೊಂದು ಪತ್ರಗಳಲ್ಲಿ ಅವರು ಬರೀ ‘ನನ್ನ ಪಂಡಿತ’. ಒಂದು ಕಡೆಯೂ ಹೆಸರಿಲ್ಲ. ನನಗೆ ಇದು ಕೊನೆತನಕ ಚುಚ್ಚಿತು.

ಒಂಬತ್ತನೆಯ ಪತ್ರದೊಳಗೆ ಶಾಸನದ ನಕಲಿನ ಹಾಳೆಯೊಂದು ನಾಲ್ಕು ಮಡಿಕೆಯಾಗಿ ಕೂತಿತ್ತು. ಅದರ ಅಂಚಿನಲ್ಲಿ ಬೇರೆ ಮಸಿ, ಬೇರೆ ಕೈ, ದುಂಡಗಿನ ಕನ್ನಡ ಅಕ್ಷರ: ‘ಕೆಳಗಿನ ೩ ಸಾಲು ಸವದಾವು’. ಟೈಪ್ ಮಾಡುವಾಗ ಅದನ್ನು ಅಡಿಟಿಪ್ಪಣಿಗೆ ತಳ್ಳದೆ, ಪತ್ರದ ಪಠ್ಯದಲ್ಲೇ ಸೇರಿಸಿದ್ದೇನೆ.