ಪಿಟೀಲು ಹಿಡಿದ ಮಗುವಿಗೆ ಜಾಝ್: ಅಮೆರಿಕದ ಶಾಲೆಯಲ್ಲಿ ಯಾರನ್ನು, ಯಾವಾಗ ಕೇಳಬೇಕು

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮಗು ನಾಲ್ಕನೆಯದೋ ಐದನೆಯದೋ ಗ್ರೇಡ್‌ಗೆ ಬಂದಾಗ ಮನೆಗೆ ಒಂದು ಫಾರಂ ಬರುತ್ತದೆ. ಕೆಲವು ಊರುಗಳಲ್ಲಿ ಆರನೆಯ ಗ್ರೇಡ್‌ಗೆ. ಊದುವ ವಾದ್ಯಗಳ ಬ್ಯಾಂಡ್ ಬೇಕಾ, ಪಿಟೀಲಿನಂಥ ತಂತಿವಾದ್ಯಗಳ ಆರ್ಕೆಸ್ಟ್ರಾ ಬೇಕಾ, ಗುಂಪಿನಲ್ಲಿ ಹಾಡುವ ಕೋರಸ್ ಬೇಕಾ? ನಮ್ಮವರಲ್ಲಿ ಎಷ್ಟೋ ಜನ ಆರ್ಕೆಸ್ಟ್ರಾ, ಪಿಟೀಲು ಅಂತ ಟಿಕ್ ಹಾಕಿ ಕಳಿಸುತ್ತಾರೆ. ಮಗು ಶಾಲೆಯಲ್ಲಿ ಜಾಝ್ ಕಲಿಯುವ ದಾರಿ ಹೆಚ್ಚುಕಡಿಮೆ ಅಲ್ಲೇ ಮುಚ್ಚಿಹೋಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಯಾಕೆಂದರೆ ಶಾಲೆಯ ಜಾಝ್ ಬ್ಯಾಂಡ್ ಸಾಮಾನ್ಯವಾಗಿ ಬ್ಯಾಂಡ್ ಮೇಷ್ಟ್ರ ಕೈಯಲ್ಲಿರುತ್ತದೆ. ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರೊಂಬೋನ್, ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್, ಅಷ್ಟೇ. ತಂತಿವಾದ್ಯದ ಮಕ್ಕಳಲ್ಲಿ ಡಬಲ್ ಬಾಸ್ ನುಡಿಸುವವರಿಗೆ ಮಾತ್ರ ಅಲ್ಲಿ ಕಾಯಂ ಜಾಗ. ಪಿಟೀಲು, ವಿಯೋಲಾ, ಚೆಲ್ಲೊ ಹಿಡಿದವರಿಗೆ ಆರ್ಕೆಸ್ಟ್ರಾ ಮೇಷ್ಟ್ರು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಂತ ಪಿಟೀಲಿನಲ್ಲಿ ಜಾಝ್ ಕಲಿಯುವುದು ನಿಯಮಕ್ಕೆ ಹೊರಗಿನ ಆಸೆಯೇನಲ್ಲ. 2014ರಲ್ಲಿ ಬಂದ ರಾಷ್ಟ್ರೀಯ ಕಲಾ ಮಾನದಂಡಗಳಲ್ಲಿ ನುಡಿಸುವುದರ ಜೊತೆಗೆ ಸ್ವಂತವಾಗಿ ಸೃಷ್ಟಿಸುವುದೂ ಸೇರಿದೆ. ಅದು ಕಾನೂನಲ್ಲ, ಪ್ರತಿ ರಾಜ್ಯಕ್ಕೂ ಅದರದೇ ಪಠ್ಯಕ್ರಮ ಇರುತ್ತದೆ. ಆದರೂ ಜಾಝ್‌ನ ಜೀವಾಳವಾದ, ಸ್ಥಳದಲ್ಲೇ ಕಲ್ಪಿಸಿ ನುಡಿಸುವುದನ್ನು ಕಲಿಸಲು ಮೇಷ್ಟ್ರಿಗೆ ಬೇಕಾದಷ್ಟು ಆಧಾರವಿದೆ. ಅಡ್ಡಿ ಬರುವುದು ಬೇರೆ ಕಡೆಯಿಂದ. ಆರ್ಕೆಸ್ಟ್ರಾ ಮೇಷ್ಟ್ರುಗಳಲ್ಲಿ ಬಹಳ ಜನ ಕಾಲೇಜಿನಲ್ಲಿ ಕಲಿತದ್ದು ಬರೀ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಮಕ್ಕಳ ಮುಂದೆ ಸ್ವರ ಬರೆದ ಹಾಳೆಯಿಲ್ಲದೆ ನುಡಿಸಲು ಅವರಿಗೇ ಅಳುಕು.

ಹಾಗಾಗಿ ಕೇಳುವ ರೀತಿ ಮುಖ್ಯ. ಪ್ರಿನ್ಸಿಪಾಲರ ಹತ್ತಿರ ಹೋಗಬೇಡಿ, ಆರ್ಕೆಸ್ಟ್ರಾ ಮೇಷ್ಟ್ರಿಗೇ ನೇರವಾಗಿ ನಾಲ್ಕು ಸಾಲಿನ ಇಮೇಲ್ ಹಾಕಿ. ಚಳಿಗಾಲದ ಕಾನ್ಸರ್ಟ್ ಮುಗಿದ ಕೂಡಲೇ ಬರೆದರೆ ಒಳ್ಳೆಯದು, ಏಕೆಂದರೆ ವಸಂತದ ಕಾನ್ಸರ್ಟಿಗೆ ಹಾಡು ಆರಿಸುವ ಹೊತ್ತು ಅದು. ಆ ಕಾನ್ಸರ್ಟಿನಲ್ಲಿ ಸಿನಿಮಾ ಸಂಗೀತ, ರಾಕ್, ಫಿಡಲ್‌ನ ಜಾನಪದ ಧಾಟಿ ಎಲ್ಲ ಸಲೀಸಾಗಿ ನುಸುಳುತ್ತವೆ. ಸುಮ್ನೆ 'ಜಾಝ್ ಕಲಿಸಿ' ಅನ್ನಬೇಡಿ. 'ಒಂದು ಬ್ಲೂಸ್ ಹಾಡು ಇಟ್ಟುಕೊಂಡು, ಇಷ್ಟವಿದ್ದ ಮಕ್ಕಳಿಗೆ ಸೋಲೊ ಕೊಡಬಹುದಾ?' ಅಂತ ಕೇಳಿ. ಬ್ಲೂಸ್ ಅಂದರೆ ಜಾಝ್‌ಗೆ ಬೇರಾದ ಹಾಡಿನ ಧಾಟಿ, ಸೋಲೊ ಅಂದರೆ ಒಬ್ಬರೇ ನುಡಿಸುವ ಸರದಿ. ಹೊರಗಿನಿಂದ ಕಲಾವಿದರನ್ನು ಕರೆಸಿ ಒಂದು ದಿನದ ಕಾರ್ಯಾಗಾರ ಮಾಡಿಸಲು ಎಷ್ಟೋ ಕಡೆ ಬೂಸ್ಟರ್ ಕ್ಲಬ್ ದುಡ್ಡು ಕೊಡುತ್ತದೆ. ಅದು ತಂದೆತಾಯಂದಿರದೇ ಸಂಘ. ನಮ್ಮವರು ಅಲ್ಲಿ ಸಮೋಸ ಮಾರಲು ಮುಂದೆ, ಮೀಟಿಂಗಿನಲ್ಲಿ ಬಾಯಿ ಬಿಡಲು ಹಿಂದೆ!

ಒಂದು ಎಚ್ಚರ. ಅಂಗಡಿಯಲ್ಲಿ ಸಿಗುವ ಎಷ್ಟೋ ಜಾಝ್ ಹಾಳೆಗಳಲ್ಲಿ ಸೋಲೊ ಕೂಡ ಬರೆದೇ ಇರುತ್ತದೆ. ಅದನ್ನು ಓದಿ ನುಡಿಸಿದರೆ ತಪ್ಪಿಲ್ಲ, ಆದರೆ ಕಲ್ಪನೆಯ ಪಾಠ ಅದರಿಂದ ಆಗುವುದಿಲ್ಲ.

ಆ ಪಾಠವನ್ನು ಮನೆಯಲ್ಲೇ ಶುರುಮಾಡಬಹುದು, ಕರ್ನಾಟಕ ಸಂಗೀತ ಸ್ವಲ್ಪ ಗೊತ್ತಿರುವ ಮಕ್ಕಳಿಗಂತೂ ಸಲೀಸು. ಶಾಲೆಯ ಪಿಟೀಲಿನ ಶ್ರುತಿ ಬದಲಿಸುವುದೇ ಬೇಡ. ನಡುವಿನ ಎರಡು ತಂತಿ ಡಿ ಮತ್ತು ಎ. ಡಿ ತಂತಿಯನ್ನು ಷಡ್ಜ ಮಾಡಿಕೊಂಡರೆ ಎ ತಾನಾಗಿಯೇ ಪಂಚಮ. ಈಗ ಶುದ್ಧ ಧನ್ಯಾಸಿಯ ಸ್ವರ ಹಿಡಿಯಿರಿ: ಸ ಗ ಮ ಪ ನಿ, ಸಾಧಾರಣ ಗಾಂಧಾರ, ಕೈಶಿಕಿ ನಿಷಾದ. ಮಧ್ಯಮ ಪಂಚಮದ ನಡುವೆ ಪ್ರತಿ ಮಧ್ಯಮವನ್ನೂ ಸೇರಿಸಿ. ಇದೇ ಬ್ಲೂಸ್ ಸ್ಕೇಲ್. ಗಾಂಧಾರಕ್ಕೆ ನಮ್ಮ ಗಮಕ ಬೇಡ, ಕೆಳಗಿನಿಂದ ಜಾರಿಸಿ ತಂದು ನಿಲ್ಲಿಸಿದರೆ ಸಾಕು.

ತಾಳಕ್ಕೆ ಬಂದರೆ, ಬ್ಲೂಸ್ ಸುತ್ತಿನಲ್ಲಿ 12 ಬಾರ್, ಒಂದೊಂದರಲ್ಲಿ 4 ಎಣಿಕೆ. ಒಟ್ಟು 48, ಅಂದರೆ ಆದಿತಾಳದ 6 ಆವರ್ತ. ಮೊದಲ ಎರಡು ಆವರ್ತ 'ಮನೆ', ಅಂದರೆ ಷಡ್ಜದ ಮೇಲೆ ಕಟ್ಟಿದ ಸ್ವರಮೇಳ (ಕಾರ್ಡ್). ಮೂರನೆಯದರಲ್ಲಿ ಮಧ್ಯಮದ ಮೇಲೆ ಕಟ್ಟಿದ ಮೇಳ, ನಾಲ್ಕನೆಯದಕ್ಕೆ ಮತ್ತೆ ಮನೆ. ಐದನೆಯದರಲ್ಲಿ ಅರ್ಧ ಪಂಚಮ, ಅರ್ಧ ಮಧ್ಯಮ. ಆರನೆಯದಕ್ಕೆ ಮನೆಗೆ ವಾಪಸ್. ಅಪ್ಪನೋ ಅಮ್ಮನೋ ತಾಳ ಹಾಕಲಿ, ಮಗು ಮೊದಲ ಸುತ್ತಿನಲ್ಲಿ ಎರಡೇ ಸ್ವರದಲ್ಲಿ ಆಡಲಿ, ಮುಂದಿನ ಸುತ್ತಿಗೆ ಮೂರು. ಸ್ವರಕಲ್ಪನೆ ಹಾಡಿದ ಮಗುವಿಗೆ ಇದು ಹೊಸದೇನಲ್ಲ, ಅಲ್ವಾ?

ತೊಡಕು ಇರುವುದು ನಡೆಯಲ್ಲಿ. ಜಾಝ್‌ನ ತೂಗುವ ನಡೆಗೆ ಸ್ವಿಂಗ್ ಅನ್ನುತ್ತಾರೆ. ಅದರಲ್ಲಿ ಒಂದು ಎಣಿಕೆಗೆ ಬರುವ ಎರಡು ಸ್ವರ ಸಮ ಅಲ್ಲ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ತಿಶ್ರ ನಡೆಯಲ್ಲಿ 'ತಕಿಟ' ಹೇಳಿಸಿ, 'ಕಿ' ನುಂಗಿಸಿ. 'ತ..ಟ, ತ..ಟ' ಅನ್ನುವಾಗ ಸ್ವಿಂಗ್‌ನ ರುಚಿ ಹತ್ತುತ್ತದೆ. ಚಪ್ಪಾಳೆ 2 ಮತ್ತು 4ರ ಮೇಲೆ. ಮೊದಲ ಎಣಿಕೆಗೇ ಕೈ ತಟ್ಟಿ ಬೆಳೆದ ನಮಗೆ ಇದು ಬಹಳ ಕಷ್ಟ, ಕಾನ್ಸರ್ಟಿನಲ್ಲಿ ಹಿಂದಿನ ಸಾಲು ನೋಡಿದರೆ ಗೊತ್ತಾಗುತ್ತದೆ.

ಪಾಪ್ ಹಾಡುಗಳಿಗೆ 'ಚಾಪ್' ಕಲಿಸಿ. ಕಮಾನಿನ ಹಿಡಿ ಪಕ್ಕದ ಕೂದಲನ್ನು ತಂತಿಯ ಮೇಲೆ ಮೇಲಿನಿಂದ ಬೀಳಿಸಿ ಅಲ್ಲೇ ಹಿಡಿದರೆ 'ಚಕ್' ಎನ್ನುತ್ತದೆ. ಬ್ಲೂಗ್ರಾಸ್ ಎಂಬ ಅಮೆರಿಕದ ಜಾನಪದ ಶೈಲಿಯ ಪಿಟೀಲು ವಾದಕ ರಿಚರ್ಡ್ ಗ್ರೀನ್ 1960ರ ದಶಕದಲ್ಲಿ ರೂಢಿಗೆ ತಂದದ್ದು ಇದು. ಡ್ರಮ್ಸ್ ಇಲ್ಲದ ಕಡೆ ತಾಳದ ಕೆಲಸ ಇದೇ ಮಾಡುತ್ತದೆ. ಚಾಪ್ ಬಂದ ಮಗುವಿಗೆ ಗುಂಪಿನಲ್ಲಿ ಬೇಡಿಕೆ ಜಾಸ್ತಿ.

ಕೇಳಿಸಲು ಜಾಝ್ ಪಿಟೀಲಿನ ಹಳೆಯ ದಿಗ್ಗಜರಾದ ಸ್ಟೆಫಾನ್ ಗ್ರಪೆಲ್ಲಿ, ಸ್ಟಫ್ ಸ್ಮಿತ್ ಇದ್ದಾರೆ. ಡೆಟ್ರಾಯ್ಟ್‌ನ ಜಾಝ್ ಪಿಟೀಲು ವಾದಕಿ ರೆಜಿನಾ ಕಾರ್ಟರ್ ಕೂಡ ಚಿಕ್ಕಂದಿನಲ್ಲಿ, ಪುಟ್ಟ ಮಕ್ಕಳಿಗೆ ಕೇಳಿಸಿ ಕೇಳಿಸಿ ಕಲಿಸುವ ಸುಜುಕಿ ಪದ್ಧತಿಯಲ್ಲೇ ಕಲಿತವರು, 2006ರಲ್ಲಿ ಅಮೆರಿಕದ ಪ್ರತಿಷ್ಠಿತ ಮೆಕಾರ್ಥರ್ ಫೆಲೋಶಿಪ್ ಪಡೆದರು. ನಮ್ಮ ಎಲ್. ಸುಬ್ರಮಣ್ಯಂ ಗ್ರಪೆಲ್ಲಿಯವರ ಜೊತೆಗೇ ನುಡಿಸಿದ್ದಾರೆ. ಜಾಝ್‌ನವರ ಐದು ತಂತಿಯ ಪಿಟೀಲು ನೋಡಿ ಮಗು ಬೆರಗಾದರೆ, ಮೈಸೂರಿನ ಚೌಡಯ್ಯನವರು ಏಳು ತಂತಿ ಕಟ್ಟಿ ನುಡಿಸಿದ್ದನ್ನು ಹೇಳಿ.

ಇನ್ನು ದುಡ್ಡಿನ ಮಾತು. ಬೆಳೆಯುವ ಮಗುವಿಗೆ ಪಿಟೀಲು ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಅರ್ಧ, ಮುಕ್ಕಾಲು ಅಂತ ಅಳತೆ ಬದಲಾಗುತ್ತಲೇ ಇರುತ್ತದೆ. ಆನ್‌ಲೈನ್‌ನಲ್ಲಿ ಕರ್ನಾಟಕ ಪಾಠವೂ ನಡೆಯುತ್ತಿದ್ದರೆ ಅದಕ್ಕೊಂದು ಬೇರೆ ಪಿಟೀಲು ಇಡಿ. ದಿನಾ ಬಿರಡೆ ತಿರುಗಿಸಿ ಶ್ರುತಿ ಬದಲಿಸಿದರೆ ತಂತಿ ಬಾಳುವುದಿಲ್ಲ. ಎಲೆಕ್ಟ್ರಿಕ್ ಪಿಟೀಲಿಗಾಗಿ ಮಗು ಹಟ ಹಿಡಿದರೆ ಹೈಸ್ಕೂಲ್ ತನಕ ತಳ್ಳಿ. ಅಲ್ಲಿಯವರೆಗೆ ಮಾಮೂಲಿ ಪಿಟೀಲಿಗೆ ಸಿಕ್ಕಿಸಿ ದನಿಯನ್ನು ಸ್ಪೀಕರಿಗೆ ಕಳಿಸುವ ಪಿಕಪ್ ಧಾರಾಳವಾಗಿ ಸಾಕು.