36 ಪೌಂಡ್ ಬಿಲ್ಲು, 165 ಮೀಟರ್, ಒಂದು ಬಿದಿರು ಗಳ

"ಸೈಟ್ 90ಕ್ಕೇ ಮುಗೀತದ, ಮುಂದ ಬಾಣ ಹುಡುಕೋದೇ ಕೆಲಸ" ಅಂತ ನಕ್ಕವರು ಬಹಳ. ಸೈಟ್ ಅಂದರೆ ಬಿಲ್ಲಿಗೆ ಹಾಕುವ ಗುರಿ ಸಾಧನ, ನನ್ನದರ ಗುರುತು 90 ಮೀಟರ್‌ವರೆಗಷ್ಟೇ. ಈಗ, 165 ಮೀಟರ್ ದೂರ ನೆಲದಲ್ಲಿ ನೆಟ್ಟ ಬಾವುಟದ ಸುತ್ತಲಿನ ವೃತ್ತಕ್ಕೆ ಬಾಣ ಬೀಳಿಸುವ ಆಟವಾದ ಕ್ಲೌಟ್‌ನ 36 ಬಾಣಗಳಲ್ಲಿ 24–25 ವೃತ್ತದೊಳಗೇ ಬೀಳುತ್ತಿವೆ. ನಕ್ಕವರಲ್ಲಿ ಇಬ್ಬರು ಗಳದ ಅಳತೆ ಬರೆದುಕೊಂಡು ಹೋಗಿದ್ದಾರೆ.

ತೊಡಕು ಬಿಲ್ಲಿನ ಬಲದ್ದಲ್ಲ. 36 ಪೌಂಡ್‌ಗೆ ಬಾಣವನ್ನು ಹೆಚ್ಚೂಕಡಿಮೆ 17 ಡಿಗ್ರಿ ಎತ್ತಿದರೆ 165 ಮೀಟರ್ ಮುಟ್ಟುತ್ತದೆ. ಆದರೆ ಅಷ್ಟು ಎತ್ತಿದಾಗ ಬಾವುಟ ಹಿಡಿಕೆಯ ಕೈ ಹಿಂದೆ ಮರೆಯಾಗುತ್ತದೆ. ಆಂಕರ್ (ಹೆದೆ ಎಳೆದ ಕೈ ನಿಲ್ಲಿಸುವ ಜಾಗ) ಗದ್ದದಿಂದ ಕೊರಳ ಬುಡಕ್ಕೆ ಇಳಿಸಿದರೆ ಬಾವುಟ ಕಾಣುತ್ತದೆ, ಎಳೆತ ಮಾತ್ರ ಕೆಡುತ್ತದೆ. ಅರ್ಧ ಇಂಚು ಕಡಿಮೆ ಎಳೆದರೆ ಬಾಣ ಏಳೆಂಟು ಮೀಟರ್ ಹಿಂದೆ. ವೃತ್ತದ ಅರೆವ್ಯಾಸವೇ ಏಳೂವರೆ ಮೀಟರ್! ಎರಡು ತಿಂಗಳು ಹಾಗೇ ಹಾಳಾದವು.

ಕೊನೆಗೆ ಹಿಡಿದ ದಾರಿ ಇದು. ನಿಂತ ಜಾಗದಿಂದ 20 ಮೀಟರ್ ಮುಂದೆ, ಬಾವುಟದ ಸಾಲಿನಲ್ಲೇ, ಐದು ಮೀಟರ್ ಬಿದಿರು ಗಳ. ಕಣ್ಣಿನ ಮಟ್ಟದಿಂದ 2.8 ಮೀಟರ್ ಮೇಲೆ ಕೆಂಪು ಬಟ್ಟೆ. ಸೈಟ್ 90ರಲ್ಲೇ ಇರಲಿ, ಆಂಕರ್ ಮುಟ್ಟಬೇಡಿ, ಸೈಟ್‌ನ ಪಿನ್ (ಗುರಿ ಚುಕ್ಕೆ) ಬಟ್ಟೆಗೆ ಇಡಿ. ಬಾಣ ಗಳದ ಮೇಲೆ ಆರಾಮಾಗಿ ದಾಟುತ್ತದೆ. ಬಟ್ಟೆ 4 ಸೆಂ.ಮೀ. ಏರಿಸಿದರೆ ಸುಮಾರು ಒಂದು ಮೀಟರ್ ಮುಂದೆ, ಇಳಿಸಿದರೆ ಅಷ್ಟೇ ಹಿಂದೆ. ಗಳಕ್ಕೆ ಮೂರು ಕಡೆ ಹಗ್ಗ ಬಿಗಿಯಲೇಬೇಕು. ತುದಿ ಒಂದು ಗೇಣು ಪಕ್ಕಕ್ಕೆ ತೂಗಿದರೆ ಬಾಣ ಒಂದೂವರೆ–ಎರಡು ಮೀಟರ್ ತೂಗುತ್ತದೆ. ಕಾಲಿಟ್ಟ ಜಾಗಕ್ಕೆ ಗೂಟ ಹೊಡೆಯಿರಿ. ಗಾಳಿಗೆ ಬಟ್ಟೆಯನ್ನು ಯಾವ ಕಡೆ ಎಷ್ಟು ಸರಿಸುತ್ತೇನೆ ಅನ್ನುವ ಪಟ್ಟಿ ನನ್ನ ಹತ್ತಿರವೇ ಇರಲಿ.

ದುಡ್ಡು ನುಂಗಿದ್ದು ಬಿಲ್ಲಲ್ಲ, ನೆಲ. ಮಾರ್ಚ್ ನಂತರ ಕಲಬುರಗಿಯ ಎರಿ ಹೊಲ ಬಿರುಕು ಬಿಡುತ್ತದೆ, ಬಾಣ ಹಿಂತುದಿಯ ನಾಕ್‌ವರೆಗೂ ಒಳಗೆ. ತೊಗರಿ ಕೊಯ್ದ ಹೊಲ ಇನ್ನೂ ಕೆಟ್ಟದ್ದು, ಒಣಗಿದ ಕೂಳೆಗೆ ಬಡಿದರೆ ಕಾರ್ಬನ್ ಸೀಳುತ್ತದೆ. ಹದಿನೆಂಟು ಬಾಣ ಹೋದವು, ಒಂದಕ್ಕೆ 400ರ ಲೆಕ್ಕದಲ್ಲಿ ಏಳು ಸಾವಿರದ ಮೇಲೆ. ಬೀದರ್ ಕಡೆಯ ಕೆಂಪು ನೆಲದಲ್ಲಿ ಬಾಣ ಕಳೆಯುವುದಿಲ್ಲ, ಮೊನೆ ಮೊಂಡಾಗುತ್ತದೆ. ಜೋಳ ತೆಗೆದು ಕುಂಟಿ ಹೊಡೆದ ಹೊಲವೇ ಸರಿ. ಬಾಣ ಓರೆಯಾಗಿ ಇಳಿಯುವುದರಿಂದ ಮಣ್ಣಿನೊಳಗೆ ಮಲಗಿಬಿಡುತ್ತದೆ. ಕಿತ್ತಳೆ ವೇನ್ (ಬಾಣದ ಹಿಂದಿನ ಪ್ಲಾಸ್ಟಿಕ್ ರೆಕ್ಕೆ) ಮತ್ತು ಬಾಣದ ಮೈಗೆ ಸುತ್ತುವ ಬಿಳಿ ರ್‍ಯಾಪ್ ಹಾಕಿದ ಮೇಲೆ ಹುಡುಕಾಟ ಅರ್ಧಕ್ಕಿಳಿಯಿತು. ಹಸಿ ಎರಿಯಲ್ಲಿ ಎಳೆದು ಕೀಳಬೇಡಿ, ಮೊನೆ ಮಣ್ಣಲ್ಲೇ ಉಳಿಯುತ್ತದೆ. ತಿರುಗಿಸುತ್ತಾ ಬಿಡಿಸಿ.

ಬಾವುಟದ ಹಿಂದೆ ಕನಿಷ್ಠ ನೂರು ಮೀಟರ್ ಖಾಲಿ ಇರಲಿ, ಬದುವಿನ ಮೇಲೆ ಒಬ್ಬರು ನಿಂತಿರಲಿ. ಕುರಿ ಬಂದರೆ ಬಿಲ್ಲು ಕೆಳಗೆ.

ಅಂಕ ಅಳೆಯಲು ನೈಲಾನ್ ಹಗ್ಗ ಬೇಡ, ಹಿಗ್ಗುತ್ತದೆ. ವೃತ್ತದ ಉಂಗುರಗಳಂತೆ ಒಂದೂವರೆ ಮೀಟರ್‌ಗೊಂದು ಗುರುತಿನ ತಂತಿ ಸಾಕು.

ನಾಲ್ಕಿಂಚು ಗರಿ ಕಟ್ಟಿಯೂ ನೋಡಿದೆ. ನೆಟ್ಟಗೆ ಹಾರಿದವು, ಆದರೆ ಹನ್ನೆರಡು–ಹದಿನೈದು ಮೀಟರ್ ಮುಂಚೆಯೇ ಬಿದ್ದವು. ಪ್ಲಾಸ್ಟಿಕ್ ವೇನ್‌ಗೇ ಮರಳಿದೆ. ಇನ್ನು ಬೇಸಿಗೆಯ ಮಾತು: ಬೆಳಿಗ್ಗೆ ಆರರಿಂದ ಏಳೂವರೆ ಅಷ್ಟೇ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಲ್ಲು-ಬಾಣ ಬಿಟ್ಟರೆ ಬಾಣದ ಮೊನೆಯ ಅಂಟು ಮೆತ್ತಗಾಗುತ್ತದೆ, ಬಿಲ್ಲಿನ ತೋಳಾದ ಲಿಂಬ್‌ನ ಪದರವೂ ಬಿಡಬಹುದು. ಮೊನೆ ಸಡಿಲಾದದ್ದು ಮಾತ್ರ ಎರಡು ಸಲ ನೋಡಿದ್ದೇನೆ.